ಬೇರೆ ರಾಜ್ಯದಿಂದ ಬಂದು ಇಲ್ಲಿ ಸ್ಪರ್ಧಿಸುವವರನ್ನು ನಾವು ಏನು ಕೇಳಬೇಕು?

ಬಾಯಾರಿನ ಮೇಷ್ಟ್ರು

ಚುನಾವಣೆ ಹತ್ತಿರ ಬಂದಾಗಲೆಲ್ಲ, ಕರ್ನಾಟಕದ ಗಡಿಗೆ ತಾಗಿದ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಕಡೆ, ಒಂದು ದೂರು ತಪ್ಪದೆ ಏಳುತ್ತದೆ: ಹೊರಗಿನವರನ್ನು ತಂದು ನಿಲ್ಲಿಸಿದರು, ಊರಿನವರಿಗೆ ಅವಕಾಶ ತಪ್ಪಿತು. ಈ ದೂರನ್ನು ಒಮ್ಮೆ ಬಿಡಿಸಿ ನೋಡೋಣ ಎಂದು ಇಲ್ಲಿ ಬರೆಯುತ್ತಿದ್ದೇನೆ. ಪಕ್ಷಗಳ ಜಗಳ ಬೇಡ, ಅದಕ್ಕೆ ಬೇರೆ ಜಾಗಗಳು ಬೇಕಾದಷ್ಟಿವೆ.

ಪಾರಶ್ಶಾಲ ಕೇರಳದ ದಕ್ಷಿಣ ತುದಿಯ ವಿಧಾನಸಭಾ ಕ್ಷೇತ್ರ. ಅಲ್ಲಿನ ಮತದಾರರೊಬ್ಬರು ಉತ್ತರ ತುದಿಯ ನಮ್ಮ ಮಂಜೇಶ್ವರದಲ್ಲಿ ಸ್ಪರ್ಧಿಸಲು ಯಾವ ಅಡ್ಡಿಯೂ ಇಲ್ಲ. ತಮ್ಮ ಹೆಸರಿರುವ ಮತದಾರರ ಪಟ್ಟಿಯ ದೃಢೀಕೃತ ಪ್ರತಿಯನ್ನು ನಾಮಪತ್ರದ ಜೊತೆಗೆ ಕೊಟ್ಟರಾಯಿತು. ನಡುವೆ ಸುಮಾರು 600 ಕಿ.ಮೀ. ದೂರವಿದ್ದರೂ ಕಾನೂನಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಗಡಿಯ ತಲಪಾಡಿಯ ಆಚೆ, ಕರ್ನಾಟಕದ ಬದಿಯಲ್ಲಿ ಮನೆ ಇರುವ, ಕುಂಜತ್ತೂರಿನಿಂದ ಹೆಣ್ಣು ತಂದ, ಹೊಸಂಗಡಿ ಪೇಟೆಯಲ್ಲಿ ಅಡಿಕೆ ಮಾರುವ, ನಮ್ಮ ಜಾತ್ರೆ ನೇಮಗಳಲ್ಲಿ ವರ್ಷವೂ ಎದುರಾಗುವ ಮನುಷ್ಯ ಮಂಜೇಶ್ವರದಲ್ಲಿ ನಾಮಪತ್ರ ಸಲ್ಲಿಸುವಂತಿಲ್ಲ. ಅವನ ಮತ ಕರ್ನಾಟಕದಲ್ಲಿದೆ. ಇಲ್ಲಿ ನಿಲ್ಲಬೇಕೆಂದರೆ ಮೊದಲು ಮನೆಯನ್ನೂ ಮತವನ್ನೂ ಈಚೆಗೆ ತರಬೇಕು.

ಇನ್ನು ಲೋಕಸಭೆಗಾದರೆ ಅದೇ ಮನುಷ್ಯ ನಾಳೆಯೇ ಕಾಸರಗೋಡಿನಲ್ಲಿ ನಿಲ್ಲಬಹುದು. ಮತ ಎಲ್ಲಿದ್ದರೂ ನಡೆಯುತ್ತದೆ.

ಹೀಗಿರುವಾಗ ‘ಹೊರಗಿನವರು’ ಎಂದು ನಾವು ಯಾರನ್ನು ಕರೆಯುತ್ತಿದ್ದೇವೆ? 1956ರ ನವೆಂಬರ್ 1ರ ತನಕ ಈ ಊರು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ನಾವು ಎಲ್ಲಿಗೂ ಹೋಗಲಿಲ್ಲ, ರಾಜ್ಯವೇ ನಮ್ಮ ಮೇಲೆ ಬಂದು ಕುಳಿತುಕೊಂಡಿತು. ಅಭ್ಯರ್ಥಿ ಯಾವ ಊರಿನಲ್ಲಿ ಹುಟ್ಟಿದ ಎಂಬ ಪ್ರಶ್ನೆಯಿಂದ ನಮಗೆ ಏನೂ ದಕ್ಕುವುದಿಲ್ಲ ಎಂದೇ ನಾನು ನಂಬಿದ್ದೇನೆ. ನಮ್ಮ ಮಾತು ಅವನಿಗೆ ತಿಳಿಯುತ್ತದೆಯೇ, ಸೋತರೂ ಇಲ್ಲಿ ಇರುತ್ತಾನೆಯೇ, ಈ ಎರಡು ಸಾಕು. ನಿಮ್ಮ ಅಭಿಪ್ರಾಯ ತಿಳಿಸಿ.

ಉಪ್ಪಳದ ವ್ಯಾಪಾರಿ

ಮೇಷ್ಟ್ರೇ, ಎರಡನೆಯದನ್ನು ಒಪ್ಪುತ್ತೇನೆ, ಮೊದಲನೆಯದರಲ್ಲಿ ತಕರಾರಿದೆ. ನನ್ನ ಅಂಗಡಿಗೆ ಬರುವವರಲ್ಲಿ ತುಳು, ಬ್ಯಾರಿ, ಮಲಯಾಳಂ, ಕನ್ನಡ, ಕೊಂಕಣಿ, ಉರ್ದು, ಮರಾಠಿ ಎಲ್ಲ ಮಾತಿನವರೂ ಇದ್ದಾರೆ. ‘ನಮ್ಮ ಮಾತು’ ಎಂದರೆ ಯಾರ ಮಾತು? ಕನ್ನಡ ಬಂದರೆ ಸಾಕು ಎಂದು ಶಾಸಕರನ್ನು ಆರಿಸಿದರೆ ತಿರುವನಂತಪುರದ ಕಡತ ಓದುವವರು ಯಾರು? ಅಲ್ಲಿ ಆಡಳಿತ ನಡೆಯುವುದು ಮಲಯಾಳದಲ್ಲಿ. ಮಂಗಳೂರಿನಿಂದ ಬಂದವರಿಗೆ ಅದು ಬಾರದಿದ್ದರೆ ಸಭೆಯಲ್ಲಿ ಸುಮ್ಮನೆ ಕುಳಿತು ಬರಬೇಕಾಗುತ್ತದೆ.

ಕಾಸರಗೋಡಿನ ವಕೀಲೆ

ಮೇಷ್ಟ್ರು ಹೇಳಿದ ಕಾನೂನು ಸರಿಯಾಗಿದೆ. ಇದರಲ್ಲಿ ಗೊಂದಲ ಮಾಡಿಕೊಳ್ಳುವವರು ಬಹಳ ಮಂದಿ ಇರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸಂವಿಧಾನದ 84 ಮತ್ತು 173ನೇ ವಿಧಿಗಳು ಅಭ್ಯರ್ಥಿಯ ಪೌರತ್ವ ಮತ್ತು ವಯಸ್ಸನ್ನು ಹೇಳಿ, ಉಳಿದ ಅರ್ಹತೆಗಳನ್ನು ಸಂಸತ್ತಿಗೆ ಬಿಟ್ಟಿವೆ. ಸಂಸತ್ತು ಅದನ್ನು 1951ರ ಜನತಾ ಪ್ರಾತಿನಿಧ್ಯ ಕಾಯಿದೆಯಲ್ಲಿ ಬರೆಯಿತು. ಆ ಕಾಯಿದೆಯ 4ನೇ ಸೆಕ್ಷನ್ನಿನ ಪ್ರಕಾರ ಲೋಕಸಭೆಗೆ ನಿಲ್ಲುವವರು ದೇಶದ ಯಾವುದಾದರೂ ಲೋಕಸಭಾ ಕ್ಷೇತ್ರದ ಮತದಾರರಾಗಿದ್ದರೆ ಸಾಕು. 5ನೇ ಸೆಕ್ಷನ್ ವಿಧಾನಸಭೆಯದು. ಅಲ್ಲಿ ಆಯಾ ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರರೇ ಆಗಿರಬೇಕು. ರಾಜ್ಯ ಬದಲಿಸಿ ವಿಧಾನಸಭೆಗೆ ಸ್ಪರ್ಧಿಸಬೇಕೆಂದರೆ ಮತ ವರ್ಗಾಯಿಸದೆ ಬೇರೆ ದಾರಿಯೇ ಇಲ್ಲ ಎನ್ನುವುದು ಇದರಿಂದಾಗಿಯೇ.

ರಾಜ್ಯಸಭೆಯ ಕಥೆ ಬೇರೆ. ಮೊದಲು ಅಲ್ಲಿಯೂ ಆಯಾ ರಾಜ್ಯದ ಮತದಾರರಾಗಿರಬೇಕಿತ್ತು. ದಿಲ್ಲಿಯಲ್ಲಿ ನೆಲೆಸಿದ್ದ ನಾಯಕರು ದೂರದ ರಾಜ್ಯದಲ್ಲೊಂದು ಬಾಡಿಗೆ ಮನೆಯ ವಿಳಾಸ ತೋರಿಸುತ್ತಿದ್ದರು. ಮನಮೋಹನ್ ಸಿಂಗ್ ಅವರು 1991ರಿಂದ 2019ರ ತನಕ ಅಸ್ಸಾಮನ್ನು ಪ್ರತಿನಿಧಿಸಿದ್ದು ಗುವಾಹಟಿಯ ಬಾಡಿಗೆ ಮನೆಯ ವಿಳಾಸದಿಂದ. 2003ರ ತಿದ್ದುಪಡಿ ಆ ನಿಯಮವನ್ನೇ ತೆಗೆದುಹಾಕಿತು. ಪತ್ರಕರ್ತ ಕುಲದೀಪ್ ನಯ್ಯರ್ ಅದನ್ನು ಪ್ರಶ್ನಿಸಿದರು. 2006ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆಂಧ್ರದ ವೆಂಕಯ್ಯ ನಾಯ್ಡು 1998ರಿಂದ 2016ರ ತನಕ ಕರ್ನಾಟಕದ ರಾಜ್ಯಸಭಾ ಸದಸ್ಯರಾಗಿದ್ದರು. ಮಧುರೆಯಲ್ಲಿ ಹುಟ್ಟಿದ ನಿರ್ಮಲಾ ಸೀತಾರಾಮನ್ ಮೊದಲು ಆಂಧ್ರದಿಂದ, 2016ರಲ್ಲಿ ಕರ್ನಾಟಕದಿಂದ ಆಯ್ಕೆಯಾದರು. ಆ ತೀರ್ಪನ್ನು ನಾನು ಮನಸ್ಸಿನಿಂದ ಒಪ್ಪುವುದಿಲ್ಲ. ರಾಜ್ಯಗಳ ಸಭೆ ಎಂದು ಕರೆದ ಮೇಲೆ ರಾಜ್ಯದ ನಂಟು ಬೇಡ ಎನ್ನುವುದು ನನಗೆ ಸರಿ ಕಾಣುವುದಿಲ್ಲ.

ಗಡಿಯವರು ತಿಳಿದಿರಬೇಕಾದ ಇನ್ನೊಂದು ಸಂಗತಿ ಮೀಸಲು ಕ್ಷೇತ್ರದ್ದು. ಪರಿಶಿಷ್ಟ ಜಾತಿಗೆ ಮೀಸಲಾದ ಲೋಕಸಭಾ ಕ್ಷೇತ್ರದಲ್ಲಿ ಬೇರೆ ರಾಜ್ಯದ ಪರಿಶಿಷ್ಟ ಜಾತಿಯವರೂ ನಿಲ್ಲಬಹುದು. ವಿಧಾನಸಭೆಯ ಮೀಸಲು ಕ್ಷೇತ್ರದಲ್ಲಿ ಆ ರಾಜ್ಯದ ಪಟ್ಟಿಯಲ್ಲಿರುವ ಜಾತಿಯವರಿಗೆ ಮಾತ್ರ ಅವಕಾಶ. ಗಡಿಯ ಎರಡೂ ಕಡೆ ಒಂದೇ ಕುಟುಂಬದವರಿದ್ದರೂ ಜಾತಿಪಟ್ಟಿಗಳು ಬೇರೆ ಬೇರೆ.

ಪೆರ್ಲದವನು, ಈಗ ಬೆಂಗಳೂರು

ವಕೀಲರೇ, ಇದು ನನ್ನದೇ ವಿಷಯ ಆದ್ದರಿಂದ ನೇರವಾಗಿ ಕೇಳುತ್ತೇನೆ. ಹುಟ್ಟಿದ್ದು, ಶಾಲೆಗೆ ಹೋದದ್ದು ಪೆರ್ಲದಲ್ಲಿ. ಕಾಲೇಜಿಗೆ ಮಂಗಳೂರು, ಕೆಲಸಕ್ಕೆ ಬೆಂಗಳೂರು. ಮತದಾರರ ಪಟ್ಟಿಯಲ್ಲಿ ಹೆಸರಿರುವುದು ಬೆಂಗಳೂರಿನಲ್ಲಿ. ಊರಿನಲ್ಲಿ ಹಿರಿಯರ ಮನೆ, ತೋಟ ನನ್ನ ಹೆಸರಿನಲ್ಲಿವೆ, ತೆರಿಗೆಯನ್ನೂ ಕಟ್ಟುತ್ತಿದ್ದೇನೆ. ಊರಿಗೆ ಮರಳಿ ಸಾರ್ವಜನಿಕ ಕೆಲಸದಲ್ಲಿ ತೊಡಗಬೇಕು, ಮುಂದೆ ಸ್ಪರ್ಧಿಸಬೇಕು ಎಂಬ ಆಸೆ ಬಹಳ ಕಾಲದಿಂದ ಇದೆ. ಮನೆ ಇರುವುದರಿಂದ ಹೆಸರು ಸೇರಿಸಲು ತೊಂದರೆ ಇಲ್ಲವಲ್ಲ? ಮತ್ತೆ, ನನ್ನನ್ನೂ ಹೊರಗಿನವನು ಎನ್ನುತ್ತೀರಾ?

ಕಾಸರಗೋಡಿನ ವಕೀಲೆ

ಕೊನೆಯ ಪ್ರಶ್ನೆಗೆ ಊರಿನವರು ಉತ್ತರಿಸಲಿ. ಮೊದಲನೆಯದಕ್ಕೆ ಉತ್ತರ: ಮನೆ ಇದ್ದ ಮಾತ್ರಕ್ಕೆ ಆಗುವುದಿಲ್ಲ.

1950ರ ಜನತಾ ಪ್ರಾತಿನಿಧ್ಯ ಕಾಯಿದೆಯ 19ನೇ ಸೆಕ್ಷನ್, ಕ್ಷೇತ್ರದಲ್ಲಿ ‘ಸಾಮಾನ್ಯವಾಗಿ ವಾಸಿಸುವ’ವರ ಹೆಸರನ್ನು ಪಟ್ಟಿಗೆ ಸೇರಿಸಬೇಕು ಎನ್ನುತ್ತದೆ. 20ನೇ ಸೆಕ್ಷನ್ ಮೊದಲಲ್ಲೇ ಸ್ಪಷ್ಟಪಡಿಸುತ್ತದೆ: ಅಲ್ಲಿ ವಾಸದ ಮನೆಯ ಒಡೆತನ ಇದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಅಲ್ಲಿನ ಸಾಮಾನ್ಯ ನಿವಾಸಿ ಎಂದು ಪರಿಗಣಿಸುವಂತಿಲ್ಲ. ಬೀಗ ಹಾಕಿದ ಮನೆ, ಕೆಲಸದವರು ನೋಡಿಕೊಳ್ಳುವ ತೋಟ, ವಿದ್ಯುತ್ ಬಿಲ್ಲಿನಲ್ಲಿ ಹೆಸರು, ಇವು ನಿಮ್ಮನ್ನು ಪೆರ್ಲದ ನಿವಾಸಿಯನ್ನಾಗಿ ಮಾಡುವುದಿಲ್ಲ. ನೀವು ಬಂದು ಇರಬೇಕು. ಹಾಗೆಂದು ನಾಲ್ಕು ದಿನ ಬೇರೆ ಊರಿಗೆ ಹೋದರೆ ವಾಸ ತಪ್ಪಿಹೋಗುವುದೂ ಇಲ್ಲ. ತಾತ್ಕಾಲಿಕವಾಗಿ ಹೊರಗಿದ್ದವರಿಗೆ ಅದೇ ಸೆಕ್ಷನ್ ರಕ್ಷಣೆ ಕೊಡುತ್ತದೆ.

ಬಂದು ನೆಲೆಸಿದ ಮೇಲೆ 8ನೇ ನಮೂನೆಯಲ್ಲಿ ಅರ್ಜಿ ಹಾಕಿ. ಬೆಂಗಳೂರಿನ ಹೆಸರನ್ನು ಹಾಗೆಯೇ ಇಟ್ಟುಕೊಂಡು ಇಲ್ಲಿ ಹೊಸ ಮತದಾರ ಎಂದು 6ನೇ ನಮೂನೆ ತುಂಬಬೇಡಿ. 17ನೇ ಸೆಕ್ಷನ್ ಎರಡು ಕ್ಷೇತ್ರಗಳಲ್ಲಿ ಹೆಸರಿರುವುದನ್ನು ನಿಷೇಧಿಸುತ್ತದೆ. ಸುಳ್ಳು ಘೋಷಣೆಗೆ 31ನೇ ಸೆಕ್ಷನ್ನಿನಲ್ಲಿ ಒಂದು ವರ್ಷದ ತನಕ ಸೆರೆವಾಸ, ದಂಡ ಅಥವಾ ಎರಡೂ ಇವೆ. ಬೂತ್ ಮಟ್ಟದ ಅಧಿಕಾರಿ ಮನೆಗೆ ಬಂದೇ ಬರುತ್ತಾರೆ. ಅವರು ನೆರೆಮನೆಯವರನ್ನು ವಿಚಾರಿಸುತ್ತಾರೆ. ‘ಓಣಂಗೆ ಬರುತ್ತಾರೆ, ದೀಪಾವಳಿಗೆ ಬರುತ್ತಾರೆ’ ಎಂದು ನೆರೆಯವರು ಹೇಳಿದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಬದಿಯಡ್ಕದ ಅಧ್ಯಾಪಿಕೆ

ಮಾತು ತಿಳಿಯುವ ವಿಷಯದಲ್ಲಿ ನಾನು ಮೇಷ್ಟ್ರ ಪಕ್ಷ. ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಹಿಂದಿನ ಒಂದು ಚುನಾವಣೆಯಲ್ಲಿ ನಮ್ಮ ಊರಿನ ಶಾಲೆಯ ಬಳಿ ಅಭ್ಯರ್ಥಿಯೊಬ್ಬರ ಸಭೆ. ಮಲಯಾಳದಲ್ಲಿ ಚೆನ್ನಾಗಿಯೇ ಮಾತನಾಡಿದರು. ಕೊನೆಗೆ ಜನರಿಗೆ ಮಾತನಾಡಲು ಅವಕಾಶ ಕೊಟ್ಟರು. ನಮ್ಮ ನೆರೆಯ ಅಜ್ಜನೊಬ್ಬರು ಎದ್ದು ನಿಂತು ತುಳುವಿನಲ್ಲಿ ಹೇಳತೊಡಗಿದರು. ಮಳೆ ಬಿಡದ ವರ್ಷ ಬೋರ್ಡೋ ದ್ರಾವಣ ಸಿಂಪಡಿಸಲು ಆಳುಗಳು ಸಿಕ್ಕಿರಲಿಲ್ಲ, ಕೊಳೆರೋಗಕ್ಕೆ ಅರ್ಧ ತೋಟದ ಎಳೆಯ ಅಡಿಕೆ ಉದುರಿತ್ತು, ಕೃಷಿ ಭವನದಲ್ಲಿ ಕೊಟ್ಟ ಅರ್ಜಿ ಮಲಯಾಳದಲ್ಲಿಲ್ಲ ಎಂದು ಹಿಂದೆ ಬಂದಿತ್ತು, ಅದನ್ನು ಬರೆಸಿಕೊಡುವವರಿಗಾಗಿ ಅಲೆಯುವಷ್ಟರಲ್ಲಿ ಕೊನೆಯ ದಿನಾಂಕ ದಾಟಿತ್ತು. ಅಜ್ಜ ಕೈ ಆಡಿಸುತ್ತ, ಉದುರಿದ ಅಡಿಕೆ ಎಷ್ಟು ದೊಡ್ಡದಿತ್ತು ಎಂದು ಬೆರಳಿನಲ್ಲಿ ತೋರಿಸುತ್ತ ಹೇಳಿದರು. ಪಕ್ಕದಲ್ಲಿದ್ದ ಕಾರ್ಯಕರ್ತ ಅಭ್ಯರ್ಥಿಯ ಕಿವಿಯಲ್ಲಿ ಒಂದೇ ವಾಕ್ಯ ಹೇಳಿದ: ಅಡಿಕೆಗೆ ಬೆಲೆ ಇಲ್ಲವಂತೆ. ಅಭ್ಯರ್ಥಿ ತಲೆದೂಗಿ, ಬೆಂಬಲ ಬೆಲೆಯ ಬಗ್ಗೆ ಭರವಸೆ ಕೊಟ್ಟರು. ಅಜ್ಜ ಬೆಲೆಯ ಮಾತನ್ನೇ ಎತ್ತಿರಲಿಲ್ಲ.

ಆ ಅಭ್ಯರ್ಥಿ ಬೇರೆ ರಾಜ್ಯದವರಲ್ಲ, ಕೇರಳದವರೇ. ಹಾಗಾಗಿ ರಾಜ್ಯದ ಗಡಿ ದಾಟಿ ಬಂದವರು ಎಂಬ ಒಂದೇ ಅಳತೆ ಇಟ್ಟುಕೊಂಡರೆ ನಮಗೆ ಮೋಸವಾಗುತ್ತದೆ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದಾಗ ಮಕ್ಕಳು ಬೀದಿಗಿಳಿದದ್ದು ನಿಮಗೆಲ್ಲ ಗೊತ್ತು. ಗಣಿತದ ಪಾಠ ತಿಳಿಯದೆ ಕುಳಿತ ಮಗುವಿನ ಮುಖವನ್ನು ನಾನು ನೋಡಿದ್ದೇನೆ. ಆ ಮಗುವಿನ ಕಷ್ಟ ಏನೆಂದು ತರ್ಜುಮೆ ಇಲ್ಲದೆ ತಿಳಿಯುವ ಶಾಸಕರು ಬೇಕು. ಅವರು ಪಾಣೆಮಂಗಳೂರಿನಿಂದ ಬಂದರೂ ಸರಿ, ಪಾಲಕ್ಕಾಡಿನಿಂದ ಬಂದರೂ ಸರಿ.

ಉಪ್ಪಳದ ವ್ಯಾಪಾರಿ

ಅಕ್ಕಾ, ನೀವು ಹೇಳಿದ್ದು ಮನಸ್ಸಿಗೆ ನಾಟಿತು. ಆದರೆ ಅದೇ ಅಜ್ಜನ ಅರ್ಜಿಯನ್ನು ತಿರುವನಂತಪುರದಲ್ಲಿ ಮುಂದೆ ತಳ್ಳಬೇಕಾದರೆ ಮಲಯಾಳಂ ಬೇಕೇ ಬೇಕು ಎಂದು ಮತ್ತೆ ಹೇಳುತ್ತೇನೆ. ಎರಡೂ ಬರುವವರು ಬೇಕು.

ಕುಂಬಳೆಯ ಹಿರಿಯ

ಇಲ್ಲಿನ ಕಿರಿಯರು ಹಳೆಯದನ್ನು ಸ್ವಲ್ಪ ನೆನಪಿಸಿಕೊಳ್ಳುವುದು ಒಳ್ಳೆಯದು.

1957ರಲ್ಲಿ, ಕೇರಳದ ಮೊದಲ ಚುನಾವಣೆಯಲ್ಲಿ, ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಆಮೇಲೆ 1960ರ ದಶಕದಲ್ಲಿ ಕಳ್ಳಿಗೆ ಮಹಾಬಲ ಭಂಡಾರಿಯವರು ಕರ್ನಾಟಕ ಸಮಿತಿಯ ಪರವಾಗಿ ಗೆದ್ದರು. ಅವರು ಕೇರಳ ವಿಧಾನಸಭೆಗೆ ಹೋದದ್ದೇ ಈ ನೆಲ ಕೇರಳಕ್ಕೆ ಸೇರಿದ್ದು ನ್ಯಾಯವಲ್ಲ ಎಂದು ಹೇಳುವುದಕ್ಕೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ವರದಿ ಜಾರಿಗೆ ಬರಲಿಲ್ಲ. ಆ ನೋವು ನನ್ನ ತಲೆಮಾರಿನವರಲ್ಲಿ ಇನ್ನೂ ಇದೆ, ಅದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ.

ಅದೇ ಕಾಲದಲ್ಲಿ ನಮ್ಮ ಲೋಕಸಭಾ ಸದಸ್ಯರು ಯಾರು? ಕಣ್ಣೂರು ಕಡೆಯ ಪೆರಳಶ್ಶೇರಿಯ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್, ಅಂದರೆ ಎಕೆಜಿ. 1957, 1962, 1967, ಮೂರು ಸಲವೂ ಕಾಸರಗೋಡಿನಿಂದಲೇ ಗೆದ್ದರು. ಒಬ್ಬ ಮತದಾರ ವಿಧಾನಸಭೆಗೆ ಕರ್ನಾಟಕ ಸಮಿತಿಯವರನ್ನು ಕಳುಹಿಸಿದ, ಅವನ ನೆರೆಯವನು ಲೋಕಸಭೆಗೆ ಎಕೆಜಿಯನ್ನು ಕಳುಹಿಸಿದ. ಎಕೆಜಿಯವರಿಗೆ ಕನ್ನಡ ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಗೇಣಿದಾರನ ಪರವಾಗಿ ನಿಲ್ಲುತ್ತಾರೆಯೇ ಎಂದು ಕೇಳಿದರು. ಆಮೇಲೆ ಎಂ. ರಾಮಣ್ಣ ರೈ, ಐ. ರಾಮ ರೈ ಮೊದಲಾದ ನಮ್ಮವರೂ ಗೆದ್ದು ದಿಲ್ಲಿಗೆ ಹೋದರು.

ಈಗಿನದನ್ನು ನೋಡಿ. 1989ರಿಂದ ಎಡಪಕ್ಷದ ಕೈಯಲ್ಲಿದ್ದ ಲೋಕಸಭಾ ಕ್ಷೇತ್ರವನ್ನು 2019ರಲ್ಲಿ ಕೊಲ್ಲಂ ಕಡೆಯಿಂದ ಬಂದ ರಾಜಮೋಹನ್ ಉಣ್ಣಿತ್ತಾನ್ 40,438 ಮತಗಳ ಅಂತರದಿಂದ ಗೆದ್ದರು. 2024ರಲ್ಲಿ ಅಂತರ ಒಂದು ಲಕ್ಷ ದಾಟಿತು. ಕ್ಷೇತ್ರದ ಏಳು ಭಾಗಗಳಲ್ಲಿ ಪಯ್ಯನ್ನೂರು, ಕಲ್ಯಾಶ್ಶೇರಿ ಎರಡೂ ಕಣ್ಣೂರು ಜಿಲ್ಲೆಯವು, ಅಲ್ಲಿ ಕನ್ನಡದ ಪ್ರಶ್ನೆಯೇ ಇಲ್ಲ. ಆದರೆ ಮಂಜೇಶ್ವರ ವಿಧಾನಸಭೆಯಲ್ಲಿ ಒಂದೊಂದು ಮತಕ್ಕೂ ಬೆಲೆ. ಕೋಯಿಕ್ಕೋಡ್ ಜಿಲ್ಲೆಯ ಕೆ. ಸುರೇಂದ್ರನ್ 2016ರಲ್ಲಿ ಇಲ್ಲಿ ಸೋತದ್ದು 89 ಮತಗಳಿಂದ, 2021ರಲ್ಲಿ 745 ಮತಗಳಿಂದ. 2021ರಲ್ಲಿ ಗೆದ್ದ ಎ.ಕೆ.ಎಂ. ಅಶ್ರಫ್ ಮಂಜೇಶ್ವರದವರೇ. ಅವರು ತಿರುವನಂತಪುರದ ಸದನದಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ, ಅವರಿಗೆ ಮತ ಹಾಕದ ನಾನೂ ದೂರದರ್ಶನದ ಮುಂದೆ ಎದ್ದು ನಿಂತೆ. ಅದು ಪಕ್ಷದ ಮಾತಲ್ಲ, ಊರಿನ ಮಾತು.

ತಲಪಾಡಿಯ ಆಚೆ ಬದಿಯವ

ಕರ್ನಾಟಕದ ಮತದಾರನಾಗಿ ಒಂದು ಮಾತು. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಕಾರಣಕ್ಕೆ ನಮ್ಮ ಸರಕಾರ ಗಡಿಯಲ್ಲಿ ಮಣ್ಣು ಸುರಿದು ರಸ್ತೆ ಮುಚ್ಚಿತು. ಕಾಸರಗೋಡಿನಿಂದ ಮಂಗಳೂರಿನ ಆಸ್ಪತ್ರೆಗಳಿಗೆ ಹೊರಟ ರೋಗಿಗಳು ತಲಪಾಡಿಯಿಂದ ಹಿಂದೆ ಹೋಗಬೇಕಾಯಿತು, ಜೀವಗಳು ಹೋದವು. ಪ್ರಕರಣ ಕೇರಳ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೂ ಹೋಯಿತು. ಆ ದಿನಗಳಲ್ಲಿ ಎರಡೂ ಕಡೆಯ ಕಚೇರಿಗಳಲ್ಲಿ ಮಾತು ನಡೆಯುವ, ಎರಡೂ ಕಡೆ ಪರಿಚಯವಿರುವ ಜನಪ್ರತಿನಿಧಿಗಳು ಎಷ್ಟು ಮಂದಿ ಇದ್ದರು? ಮಂಗಳೂರಿನಿಂದ ಬಂದು ಮಂಜೇಶ್ವರದಲ್ಲಿ ನೆಲೆಸಿದವರು, ಮಂಜೇಶ್ವರದಿಂದ ಬಂದು ಉಳ್ಳಾಲದಲ್ಲಿ ನೆಲೆಸಿದವರು ಶಾಸಕರಾದರೆ ಗಡಿಗೆ ಒಳ್ಳೆಯದೇ. ಅದನ್ನು ಅನುಮಾನದಿಂದ ನೋಡುವ ಅಭ್ಯಾಸ ನಮಗೆ ಬೇಡ.

ಸೀತಾಂಗೋಳಿ ಓದುಗ

ಅಣ್ಣ, ನಿಮ್ಮ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇಲ್ಲ. ಗಡಿಯ ಎರಡೂ ಪಟ್ಟಿಗಳಲ್ಲಿ ಹೆಸರಿರುವವರ ದೂರು ಪ್ರತಿ ಚುನಾವಣೆಯಲ್ಲೂ ಬರುತ್ತದೆ. 2019ರಲ್ಲಿ ದಕ್ಷಿಣ ಕನ್ನಡದಲ್ಲಿ ಏಪ್ರಿಲ್ 18ಕ್ಕೆ ಮತದಾನ, ನಮ್ಮಲ್ಲಿ 23ಕ್ಕೆ. ನಡುವೆ ಐದು ದಿನ. 2024ರಲ್ಲಿ ಎರಡೂ ಕಡೆ ಏಪ್ರಿಲ್ 26ಕ್ಕೇ ನಡೆದದ್ದರಿಂದ ಆ ಗೊಣಗಾಟಕ್ಕೆ ಆಸ್ಪದ ಕಡಿಮೆಯಾಯಿತು. ಅಭ್ಯರ್ಥಿಯೇ ಚುನಾವಣೆಗಾಗಿ ಮತ ಎತ್ತಿಕೊಂಡು ಬಂದರೆ, ಬೆಂಬಲಿಗರೂ ಹಾಗೆಯೇ ಬರುತ್ತಾರೆ. ಅದನ್ನು ತಡೆಯುವ ಬಗೆ ಹೇಗೆ?

ಕಾಸರಗೋಡಿನ ವಕೀಲೆ

ಕರಡು ಪಟ್ಟಿ ಪ್ರಕಟವಾದಾಗ ಓದಬೇಕು. ಅದೊಂದೇ ದಾರಿ. ಇಲ್ಲಿ ವಾಸಿಸದವರ ಹೆಸರಿದ್ದರೆ 7ನೇ ನಮೂನೆಯಲ್ಲಿ ಆಕ್ಷೇಪ ಸಲ್ಲಿಸಬಹುದು. ಸಂಶಯ ಇದ್ದ ಮಾತ್ರಕ್ಕೆ ರಾಶಿ ರಾಶಿಯಾಗಿ ಆಕ್ಷೇಪ ಹಾಕುವುದೂ ಅನ್ಯಾಯ. ಮದುವೆಯಾಗಿ ಪುತ್ತೂರಿನಿಂದ, ಸುಳ್ಯದಿಂದ ಬಂದ ಎಷ್ಟೋ ಹೆಣ್ಣುಮಕ್ಕಳ ಹೆಸರು ಇಂಥ ಆಕ್ಷೇಪಗಳಿಂದ ತೂಗಾಡಿದ್ದನ್ನು ನಾನು ಬಲ್ಲೆ. ಅವರಿಗೆ ವಿಚಾರಣೆಗೆ ಹೋಗಲು ರಜೆ ಇಲ್ಲ, ನೋಟಿಸಿನ ಭಾಷೆ ತಿಳಿಯುವುದಿಲ್ಲ.

ಮುಂಬಯಿಯಲ್ಲಿರುವ ಪೈವಳಿಕೆಯವ

ನಾವು ಕರಾವಳಿಯವರು ಹೊರಗಿನಿಂದ ಬಂದ ಅಭ್ಯರ್ಥಿಯನ್ನು ದೂರುವ ಮೊದಲು ಜಾರ್ಜ್ ಫರ್ನಾಂಡಿಸರನ್ನು ನೆನೆಯಬೇಕು. ಮಂಗಳೂರಿನ ಹುಡುಗ. ಮುಂಬಯಿಗೆ ಬಂದು ಬೀದಿಯಲ್ಲಿ ಮಲಗಿದರು, ಟ್ಯಾಕ್ಸಿ ಚಾಲಕರನ್ನೂ ಕಾರ್ಮಿಕರನ್ನೂ ಸಂಘಟಿಸಿದರು. 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ದೊಡ್ಡ ನಾಯಕ ಎಸ್.ಕೆ. ಪಾಟೀಲರನ್ನು ಸೋಲಿಸಿದರು. 1977ರಲ್ಲಿ ಸೆರೆಮನೆಯಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರ್‌ಪುರದಿಂದ ಗೆದ್ದರು. ಕ್ಷೇತ್ರಕ್ಕೆ ಕಾಲಿಡದ ಅಭ್ಯರ್ಥಿಯನ್ನು ಅಲ್ಲಿನವರು ಮೂರು ಲಕ್ಷಕ್ಕೂ ಹೆಚ್ಚು ಅಂತರದಿಂದ ಆರಿಸಿದರು. ಅದೇ ಮನುಷ್ಯ 1984ರಲ್ಲಿ ತಮ್ಮದೇ ರಾಜ್ಯಕ್ಕೆ ಬಂದು ಬೆಂಗಳೂರು ಉತ್ತರದಲ್ಲಿ ನಿಂತಾಗ ಜಾಫರ್ ಷರೀಫರ ಎದುರು ಸೋತರು. ಹುಟ್ಟಿದ ರಾಜ್ಯ ಕೈಹಿಡಿಯಲಿಲ್ಲ, ಹೋರಾಡಿದ ಊರುಗಳು ಕೈಹಿಡಿದವು.

ಇದೇ ಮುಂಬಯಿಯಲ್ಲಿ ಕೇರಳದ ಕೃಷ್ಣ ಮೆನನ್ 1957ರಲ್ಲೂ 1962ರಲ್ಲೂ ಗೆದ್ದರು. 1967ರಲ್ಲಿ ಕಾಂಗ್ರೆಸ್ ಟಿಕೆಟ್ ಕೊಡಲಿಲ್ಲ, ಪಕ್ಷೇತರರಾಗಿ ನಿಂತು ಸೋತರು. ಮುಂದೆ ಬಂಗಾಳದ ಮೇದಿನಿಪುರದಿಂದ 1969ರ ಉಪಚುನಾವಣೆಯಲ್ಲಿ, 1971ರಲ್ಲಿ ತಿರುವನಂತಪುರದಿಂದ ಗೆದ್ದರು. ಮೂರು ರಾಜ್ಯಗಳು. ದಕ್ಷಿಣದವರನ್ನು ಓಡಿಸಬೇಕು ಎಂಬ ಕೂಗು ಈ ನಗರದಲ್ಲಿ ಎದ್ದದ್ದು 1960ರ ದಶಕದ ಕೊನೆಯಲ್ಲಿ. ಉಡುಪಿ ಹೋಟೆಲುಗಳ ಗಾಜು ಒಡೆದ ಕಥೆಗಳನ್ನು ನನ್ನ ಮಾವನವರಿಂದ ಕೇಳಿ ಬೆಳೆದಿದ್ದೇನೆ. ‘ಮಣ್ಣಿನ ಮಗ’ ಎಂಬ ಮಾತು ಎತ್ತಿದಾಗಲೆಲ್ಲ ನನಗೆ ಭಯವಾಗುವುದು ಅದಕ್ಕೇ. ಅದು ಅಭ್ಯರ್ಥಿಯ ಮೇಲೆ ಶುರುವಾಗಿ ಹೋಟೆಲಿನ ಮಾಣಿಯ ಮೇಲೆ ಮುಗಿಯುತ್ತದೆ.

ಬಾಯಾರಿನ ಮೇಷ್ಟ್ರು

ಪೈವಳಿಕೆಯವರೇ, ಈ ಮಾತು ಬಹಳ ಮುಖ್ಯವಾದದ್ದು, ಎಲ್ಲರೂ ಓದಲಿ.

ನನಗೆ ಬಳ್ಳಾರಿಯ 1999ರ ಚುನಾವಣೆ ಕಣ್ಣಿಗೆ ಕಟ್ಟಿದಂತಿದೆ. ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್, ಇಬ್ಬರಿಗೂ ಬಳ್ಳಾರಿ ಪರಊರು. ಸುಷ್ಮಾ ಅವರು ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಭಾಷಣ ಮಾಡಿದರು. 56 ಸಾವಿರದಷ್ಟು ಮತಗಳಿಂದ ಸೋತರು. ಗೆದ್ದ ಸೋನಿಯಾ ಅವರು ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಗೆ ರಾಜೀನಾಮೆ ಕೊಟ್ಟರು, 2000ರಲ್ಲಿ ಉಪಚುನಾವಣೆ ನಡೆಯಿತು. ಸೋತ ಸುಷ್ಮಾ ವರಮಹಾಲಕ್ಷ್ಮಿ ಹಬ್ಬಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಳ್ಳಾರಿಗೆ ಬರುತ್ತಿದ್ದರು. ಅವರ ರಾಜಕೀಯದ ಬಗ್ಗೆ ನನಗೆ ಬೇರೆ ಅಭಿಪ್ರಾಯಗಳಿದ್ದರೂ ಆ ನಿಷ್ಠೆಗೆ ಗೌರವ ಇದೆ. ಹಾಗೆಯೇ 1978ರಲ್ಲಿ ಇಂದಿರಾ ಗಾಂಧಿಯವರಿಗಾಗಿ ಡಿ.ಬಿ. ಚಂದ್ರೇಗೌಡರು ಚಿಕ್ಕಮಗಳೂರನ್ನು ಬಿಟ್ಟುಕೊಟ್ಟರು. ಇಂದಿರಾ ಗೆದ್ದರು. 1980ರಲ್ಲಿ ಅವರು ನಿಂತದ್ದು ರಾಯಬರೇಲಿ ಮತ್ತು ಆಗಿನ ಆಂಧ್ರದ ಮೇದಕ್‌ನಲ್ಲಿ. ಕಷ್ಟಕಾಲದಲ್ಲಿ ಕೈಹಿಡಿದ ಚಿಕ್ಕಮಗಳೂರಿಗೆ ಉಳಿದದ್ದು ನೆನಪು. ವಯನಾಡಿನಲ್ಲಿ 2024ರಲ್ಲಿ ರಾಹುಲ್ ಗಾಂಧಿ ರಾಯಬರೇಲಿಯನ್ನು ಉಳಿಸಿಕೊಂಡು ಕ್ಷೇತ್ರ ಬಿಟ್ಟರು, ಆರೇ ತಿಂಗಳೊಳಗೆ ಜನ ಮತ್ತೆ ಸಾಲಿನಲ್ಲಿ ನಿಂತು ಪ್ರಿಯಾಂಕಾ ಅವರಿಗೆ ಮತ ಹಾಕಿದರು.

ಎರಡು ಕ್ಷೇತ್ರಗಳಲ್ಲಿ ನಿಂತು, ಎರಡರಲ್ಲೂ ಗೆದ್ದು, ಒಂದನ್ನು ಬಿಡುವ ಈ ಪದ್ಧತಿ ನಿಲ್ಲಬೇಕು. ಹಿಂದೆ ಎಷ್ಟು ಕ್ಷೇತ್ರಗಳಲ್ಲಾದರೂ ನಿಲ್ಲಬಹುದಿತ್ತು, 1996ರ ತಿದ್ದುಪಡಿ ಎರಡಕ್ಕೆ ಇಳಿಸಿತು. ಅದು ಒಂದಕ್ಕೇ ಬರಬೇಕು. ಊರು ಬದಲಿಸಿ ಬರುವವರು ಹಳೆಯ ಮನೆಯ ಬಾಗಿಲನ್ನು ತೆರೆದಿಟ್ಟುಕೊಂಡು ಬಂದರೆ ಅದು ಬರುವುದೇ ಅಲ್ಲ.

ನ್ಯೂಜೆರ್ಸಿಯಿಂದ ಮುಳ್ಳೇರಿಯದವಳು

ಇಲ್ಲಿ ಅಮೆರಿಕದಲ್ಲಿ ಈ ಪ್ರಶ್ನೆ ಹಳೆಯದು. ಸೆನೆಟಿಗೆ ನಿಲ್ಲುವವರು ಆಯ್ಕೆಯಾಗುವ ಹೊತ್ತಿಗೆ ಆ ರಾಜ್ಯದ ನಿವಾಸಿ ಆಗಿದ್ದರೆ ಸಾಕು ಎನ್ನುತ್ತದೆ ಸಂವಿಧಾನ. ಹಿಲರಿ ಕ್ಲಿಂಟನ್ 1999ರಲ್ಲಿ ನ್ಯೂಯಾರ್ಕ್ ರಾಜ್ಯದ ಚಪಾಕ್ವಾದಲ್ಲಿ ಮನೆ ಕೊಂಡು, ಹಳ್ಳಿಹಳ್ಳಿ ತಿರುಗಿ ಜನರ ಮಾತು ಕೇಳಿ, 2000ದಲ್ಲಿ ಗೆದ್ದರು. ಮ್ಯಾಸಚೂಸೆಟ್ಸಿನ ಸೆನೆಟರ್ ಆಗಿದ್ದ ಸ್ಕಾಟ್ ಬ್ರೌನ್ 2014ರಲ್ಲಿ ಪಕ್ಕದ ನ್ಯೂ ಹ್ಯಾಂಪ್‌ಷೈರಿನಲ್ಲಿ ನಿಂತು ಸೋತರು. ನಮ್ಮ ನ್ಯೂಜೆರ್ಸಿಯಲ್ಲಿ ಬಹುಕಾಲ ಇದ್ದ ಡಾ. ಮೆಹ್ಮೆತ್ ಓಜ್ 2022ರಲ್ಲಿ ಪೆನ್ಸಿಲ್ವೇನಿಯಾಕ್ಕೆ ಹೋಗಿ ನಿಂತರು. ಎದುರಾಳಿ ಫೆಟರ್‌ಮನ್ ಪ್ರಚಾರದುದ್ದಕ್ಕೂ ನ್ಯೂಜೆರ್ಸಿಯ ಮನೆಯನ್ನೇ ಎತ್ತಿ ಆಡಿ ಗೆದ್ದರು. ಆದರೆ ಅಲ್ಲೆಲ್ಲ ಭಾಷೆ ಒಂದೇ. ಗಡಿ ದಾಟಿದ ಕೂಡಲೇ ಆಸ್ಪತ್ರೆಯ ಚೀಟಿ, ಭೂಮಿಯ ದಾಖಲೆ, ಮಕ್ಕಳ ಪಠ್ಯಪುಸ್ತಕ ಬೇರೆ ಲಿಪಿಗೆ ತಿರುಗುವ ನಮ್ಮ ಸ್ಥಿತಿಗೆ ಅಲ್ಲಿ ಹೋಲಿಕೆ ಸಿಗುವುದಿಲ್ಲ.

ಜತ್ತದ ಕನ್ನಡಿಗ

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಿಂದ ಶರಣು. ನಮ್ಮ ಪೂರ್ವ ಭಾಗದ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕನ್ನಡ ಶಾಲೆಗಳಿವೆ. ನೀರಿಲ್ಲದೆ ಬೇಸತ್ತು ಕರ್ನಾಟಕಕ್ಕೆ ಸೇರುತ್ತೇವೆ ಎಂದು ನಮ್ಮ ಗ್ರಾಮಗಳು ಹಿಂದೆ ಠರಾವು ಮಾಡಿದ್ದವು. 2022ರಲ್ಲಿ ಆ ಮಾತು ಎರಡೂ ಸರಕಾರಗಳ ನಡುವೆ ದೊಡ್ಡ ಜಗಳವಾಯಿತು. 2024ರಲ್ಲಿ ನಮ್ಮ ಶಾಸಕರಾದವರು ಗೋಪೀಚಂದ ಪಡಳಕರ. ಅವರು ಆಟಪಾಡಿ ತಾಲ್ಲೂಕಿನವರು, 2019ರಲ್ಲಿ ಬಾರಾಮತಿಯಲ್ಲಿ ಅಜಿತ್ ಪವಾರರ ಎದುರು ನಿಂತು ಸೋತವರು. ಆಟಪಾಡಿಯೂ ನಮ್ಮದೇ ಜಿಲ್ಲೆ, ನಮ್ಮದೇ ರಾಜ್ಯ, ಆದರೂ ನಮ್ಮಲ್ಲಿ ಹೊರಗಿನವರು ಎಂಬ ಕೂಗು ಎದ್ದಿತ್ತು. ಜನ ಅದನ್ನು ಬದಿಗಿಟ್ಟು ಆರಿಸಿದರು. ನಮ್ಮ ಕಡೆ ಎಲ್ಲ ಮಾತೂ ನೀರಿಗೇ ಬಂದು ನಿಲ್ಲುತ್ತದೆ. ನೀರು ತರುವವರು ವಿಜಯಪುರದಿಂದ ಬಂದರೂ ಬಾಗಿಲು ತೆರೆಯುತ್ತೇವೆ. ಕನ್ನಡ ಶಾಲೆಗೆ ಶಿಕ್ಷಕರನ್ನು ಕೊಡಿಸುವುದನ್ನು ಮಾತ್ರ ಯಾರೂ ಪ್ರಚಾರದಲ್ಲಿ ಎತ್ತುವುದಿಲ್ಲ ಎನ್ನುವ ಕೊರಗು ಇದೆ.

ಪೆರ್ಲದವನು, ಈಗ ಬೆಂಗಳೂರು

ಎಲ್ಲವನ್ನೂ ಓದಿದೆ. ವಕೀಲರು ಹೇಳಿದ ‘ಬಂದು ಇರಬೇಕು’ ಎಂಬುದು ಮನಸ್ಸಿನಲ್ಲಿ ಕುಳಿತಿದೆ. ಬರುವ ಶಾಲಾ ವರ್ಷಕ್ಕೆ ಮಗಳನ್ನು ಊರಿನ ಕನ್ನಡ ಮಾಧ್ಯಮ ಶಾಲೆಗೆ ಸೇರಿಸುವ ಮಾತು ಮನೆಯಲ್ಲಿ ನಡೆದಿದೆ. ನನಗೆ ಮಲಯಾಳಂ ಮಾತನಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಅದನ್ನು ಕಲಿಯುತ್ತೇನೆ. ನೇರವಾಗಿ ವಿಧಾನಸಭೆಯ ಮಾತಾಡುವುದಕ್ಕಿಂತ ಪಂಚಾಯತ್ ಚುನಾವಣೆಯಿಂದ ಆರಂಭಿಸುವುದು ಸರಿಯೇ?

ಬದಿಯಡ್ಕದ ಅಧ್ಯಾಪಿಕೆ

ಸರಿ. ಪಂಚಾಯತಿಗೆ ಆ ಪಂಚಾಯತಿನ ಮತದಾರರ ಪಟ್ಟಿಯಲ್ಲೇ ಹೆಸರಿರಬೇಕು, ಪಾರಶ್ಶಾಲದವರಿಗೆ ಇರುವ ಅನುಕೂಲ ಅಲ್ಲಿ ಯಾರಿಗೂ ಇಲ್ಲ. ಜನ ನಿಮ್ಮನ್ನು ದಿನವೂ ನೋಡುತ್ತಾರೆ. ನಿಮ್ಮ ಮಗಳು ಬರುವ ತರಗತಿಯಲ್ಲಿ ಎಲ್ಲ ವಿಷಯಗಳಿಗೂ ಕನ್ನಡ ಬಲ್ಲ ಅಧ್ಯಾಪಕರು ಇರುತ್ತಾರೆಯೇ ಎಂದು ಬಂದ ವಾರವೇ ವಿಚಾರಿಸಿ. ಇಲ್ಲದಿದ್ದರೆ ಪೋಷಕರ ಸಭೆಯಲ್ಲಿ ಎದ್ದು ಕೇಳಿ. ನಿಮ್ಮ ಮೊದಲ ಕೆಲಸ ಅಲ್ಲಿಯೇ ಇದೆ.

ಕುಂಬಳೆಯ ಹಿರಿಯ

ನೀವು ಕೇಳಿದ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ನಾನು ಕೊಡುತ್ತೇನೆ: ಮರಳಿ ಬರುವವರನ್ನು ಹೊರಗಿನವರು ಎನ್ನುವಷ್ಟು ಜನ ನಮ್ಮಲ್ಲಿ ಉಳಿದಿಲ್ಲ. ಮನೆಮನೆಯ ಯುವಕರು ಮಂಗಳೂರು, ಬೆಂಗಳೂರು, ಗಲ್ಫ್ ಸೇರಿದ್ದಾರೆ. ಬನ್ನಿ.

ಉಪ್ಪಳದ ವ್ಯಾಪಾರಿ

ಬರಲಿ, ಆದರೆ ಪಕ್ಷದ ಟಿಕೆಟ್ ಹಿಡಿದುಕೊಂಡು ಬರುವುದು ಬೇಡ. ಮೊದಲು ಬಂದು ಇದ್ದು, ಆಮೇಲೆ ಟಿಕೆಟ್ ಕೇಳಲಿ. ಚುನಾವಣಾ ಅಧಿಸೂಚನೆಯ ನಂತರ ಮತ ವರ್ಗಾವಣೆಯ ಅರ್ಜಿ ಹಾಕಿದವರಿಗೆ ನಾನಂತೂ ಮತ ಹಾಕುವುದಿಲ್ಲ. ವಕೀಲರೇ, ಕಾನೂನು ಎಷ್ಟು ದಿನದ ಮೊದಲು ಎನ್ನುತ್ತದೆ?

ಕಾಸರಗೋಡಿನ ವಕೀಲೆ

ಇಂತಿಷ್ಟು ಕಾಲ ವಾಸಿಸಿರಬೇಕು ಎಂಬ ನಿಯಮ ವಿಧಾನಸಭಾ ಅಭ್ಯರ್ಥಿಗೆ ಇಲ್ಲ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಮುಗಿದ ಮೇಲೆ ಆ ಚುನಾವಣೆ ಮುಗಿಯುವ ತನಕ ಪಟ್ಟಿಗೆ ಹೆಸರು ಸೇರಿಸುವಂತಿಲ್ಲ, ಅಷ್ಟೇ. ಅಂದರೆ ಬಹಳ ತಡವಾಗಿ ಬಂದವರನ್ನೂ ಕಾನೂನು ತಡೆಯುವುದಿಲ್ಲ, ತಡೆಯಬೇಕಾದವರು ಮತದಾರರು. ಅಭ್ಯರ್ಥಿಗಳು 26ನೇ ನಮೂನೆಯ ಪ್ರಮಾಣಪತ್ರದಲ್ಲಿ ತಮ್ಮ ಹೆಸರು ಯಾವ ಕ್ಷೇತ್ರದ ಪಟ್ಟಿಯಲ್ಲಿದೆ, ಕ್ರಮಸಂಖ್ಯೆ ಎಷ್ಟು, ಭಾಗ ಯಾವುದು ಎಂದು ಬರೆದಿರುತ್ತಾರೆ. ಆಸ್ತಿಯ ವಿವರವೂ ಅದರಲ್ಲೇ ಇರುತ್ತದೆ, ಮನೆ ಎಲ್ಲಿದೆ ಎಂದು ತಿಳಿಯುತ್ತದೆ. ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು.

ಸೀತಾಂಗೋಳಿ ಓದುಗ

ಹಾಗಾದರೆ ಮುಂದಿನ ಚುನಾವಣೆಯಲ್ಲಿ ಮಂಜೇಶ್ವರ, ಕಾಸರಗೋಡು ಎರಡೂ ಕ್ಷೇತ್ರಗಳ ಅಭ್ಯರ್ಥಿಗಳ ಆ ಪ್ರಮಾಣಪತ್ರಗಳನ್ನು ಇಳಿಸಿಕೊಂಡು, ಮತ ಎಲ್ಲಿದೆ, ಮನೆ ಎಲ್ಲಿದೆ ಎಂಬ ಭಾಗವನ್ನು ಕನ್ನಡದಲ್ಲಿ ಬರೆದು ಇಲ್ಲಿ ಹಾಕುವ ಕೆಲಸ ನನ್ನದು. ಎಲ್ಲ ಪಕ್ಷದವರದ್ದೂ ಹಾಕುತ್ತೇನೆ. ಮಲಯಾಳಂ ಓದಬಲ್ಲವರು ಒಬ್ಬರು ಜೊತೆಗೆ ಬೇಕು.

ಉಪ್ಪಳದ ವ್ಯಾಪಾರಿ

ನಾನಿದ್ದೇನೆ. ರಾತ್ರಿ ಒಂಬತ್ತಕ್ಕೆ ಅಂಗಡಿ ಮುಚ್ಚಿದ ಮೇಲೆ ಕರೆ ಮಾಡಿ.